ಅಕ್ಕನಿಗೆ ಕಲಿಸಿದ ಅಪಸ್ವರ

ಮಧುಗಿರಿಯ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ನಾನು ಬೆಂಗಳೂರಿನ ಒಂದು ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುತ್ತಿದ್ದೆ. ಟಪಾಲಿನಲ್ಲಿ ಬಂದ ಪುಸ್ತಕವನ್ನು ಸುಮ್ಮನೆ ಕಣ್ಣಾಡಿಸಿ ಓದುವ ಅಭ್ಯಾಸ ನನಗಿರಲಿಲ್ಲ. ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ‘ಮೇಷ್ಟ್ರು ಒಳಗೆ ಯಾರಿಗೋ ಬೈತಾವ್ರೆ’ ಎಂದು ಪಕ್ಕದ ಮನೆಯವರು ಮಾತಾಡಿಕೊಳ್ಳುತ್ತಿದ್ದರಂತೆ. ಬೈಯುತ್ತಲೂ ಇದ್ದೆ, ಸುಳ್ಳೇಕೆ ಹೇಳಲಿ. ಬರೆಯುವ ಶಕ್ತಿ ಇದ್ದೂ, ನಾಲ್ಕು ಜನಕ್ಕೆ ಹಿತವಾಗಲಿ ಎಂದು ಬೇಕೆಂದೇ ಒಂದು ಮೆಟ್ಟಿಲು ಕೆಳಗಿಳಿದು ಬರೆದ ಜಾಗ ನನ್ನ ಕಿವಿಗೆ ಸಿಕ್ಕಿಬಿಡುತ್ತಿತ್ತು. ಶಕ್ತಿ ಇಲ್ಲದವನನ್ನು ಎಷ್ಟೋ ಸಲ ಕ್ಷಮಿಸಿದ್ದೇನೆ. ಇಂಥವನನ್ನು ಮಾತ್ರ ಬಿಟ್ಟಿಲ್ಲ. ಊರಿನ ಹುಡುಗರು ನನಗೆ ‘ಕಿವಿ ಹಿಂಡೋ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಬೆಂಗಳೂರಿನ ಲೇಖಕರು ಇಟ್ಟ ಹೆಸರುಗಳನ್ನು ಇಲ್ಲಿ ಬರೆಯುವಂತಿಲ್ಲ.

ಈ ಕಿವಿ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ, ಸಂಗೀತದ ಹುಚ್ಚಿನಿಂದ ಎನ್ನುತ್ತಿದ್ದೆ. ಆ ಹುಚ್ಚು ಹತ್ತಿಸಿದವಳು ನನ್ನ ಅಕ್ಕ. ಅವಳ ವಿಷಯ ನಾನು ಯಾರ ಹತ್ತಿರವೂ ಆಡಿದವನಲ್ಲ. ಈಗ ಆಡದಿದ್ದರೆ ಇನ್ನು ಯಾವಾಗ?

ಅವ್ವ ಪ್ಲೇಗಿನಲ್ಲಿ ಹೋದಾಗ ನನಗಿನ್ನೂ ಮಾತು ಬಂದಿರಲಿಲ್ಲ. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತ್ತಂತೆ. ಅವ್ವ ಆ ಗುಡಿಸಲಿನಲ್ಲೇ ಕಣ್ಣು ಮುಚ್ಚಿದಳು. ನಮ್ಮನ್ನು ಸಾಕಿದವಳು ಅಜ್ಜಿ, ಅಂದರೆ ಅಪ್ಪನ ತಾಯಿ. ಅಪ್ಪನಿಗೆ ಪೇಟೆಯಲ್ಲಿ ಜವಳಿ ಅಂಗಡಿ. ಮಾತು ಕಡಿಮೆ, ಹಣೆತುಂಬ ವಿಭೂತಿ, ಸಂಗೀತವೆಂದರೆ ಪ್ರಾಣ. ಸಿರಾದಲ್ಲಿ ಒಂದು ನಾಟಕ ಕಂಪನಿ ಮುಳುಗಿ, ಅದರ ಯಜಮಾನ ಕೈಯೆತ್ತಿಬಿಟ್ಟಾಗ, ಕಂಪನಿಯ ಹಾರ್ಮೋನಿಯಂ ಮೇಷ್ಟ್ರು ಪೆಟ್ಟಿಗೆ ಹೊತ್ತುಕೊಂಡು ನಮ್ಮೂರಿಗೆ ಬಂದರು. ಹಿಂದೆ ಮುಂದೆ ಯಾರೂ ಇಲ್ಲದ ಮನುಷ್ಯ. ಅಪ್ಪ ಅವರಿಗೆ ಅಂಗಡಿಯ ಹಿಂದಿನ ಕೋಣೆ ಕೊಟ್ಟು, ಎರಡು ಹೊತ್ತಿನ ಊಟ ಹಾಕಿ, ‘ನಮ್ಮ ಹುಡುಗಿಗೆ ನಾಕು ಹಾಡು ಹೇಳ್ಕೊಡಿ’ ಎಂದರು.

ಮೇಷ್ಟ್ರು ನಾಲ್ಕು ಹಾಡಿಗೆ ನಿಲ್ಲಿಸಲಿಲ್ಲ. ಅಕ್ಕನ ದನಿ ಕೇಳಿದ ಮೇಲೆ ಅವರಿಗೆ ನಿಲ್ಲಿಸಲು ಆಗಲಿಲ್ಲ. ಅದು ಭಾರಿ ದನಿಯೇನಲ್ಲ. ಆದರೆ ನೆಟ್ಟಗೆ ಹೋಗಿ ಸ್ವರದ ನಡುಮಧ್ಯದಲ್ಲಿ ಕೂರುತ್ತಿತ್ತು. ಸಂಜೆ ಅಪ್ಪ ಅಂಗಡಿಯಿಂದ ಬಂದರೆ ಒಳಗೆ ಬರುತ್ತಿರಲಿಲ್ಲ. ಮೆಟ್ಟು ಬಿಟ್ಟ ಸದ್ದೂ ಆಗಬಾರದೆಂದು ಅವನ್ನು ಕೈಯಲ್ಲಿ ಹಿಡಿದುಕೊಂಡು, ಹಾಡು ಮುಗಿಯುವ ತನಕ ಜಗಲಿಯ ಮೇಲೆ ನಿಂತಿರುತ್ತಿದ್ದರು. ಅಜ್ಜಿ ಒಳಗಿನಿಂದ, ‘ಆಯ್ತಾ ನಿಮ್ಮ ಕಛೇರಿ? ಮುದ್ದೆ ತಣ್ಣಗಾಯ್ತದೆ’ ಎಂದು ಕೂಗುತ್ತಿದ್ದಳು.

ಅಕ್ಕನಿಗಾಗಿ ಮೇಷ್ಟ್ರು ತಾವೇ ಒಂದು ಹಾಡು ಕಟ್ಟಿದ್ದರು. ಬೆಟ್ಟದ ಬುಡದಲ್ಲಿ ನಿಂತ ಹೆಣ್ಣುಮಗಳೊಬ್ಬಳು ಮೇಲಿರುವ ಶಿವನನ್ನು ಕರೆಯುವ ಹಾಡು. ಅದರ ಮೂರನೇ ಸಾಲಿನಲ್ಲಿ ದನಿ ಮೇಲಿನ ಷಡ್ಜಕ್ಕೆ ಹತ್ತಿ ಅಲ್ಲಿ ಕೊಂಚ ಹೊತ್ತು ನಿಲ್ಲಬೇಕು. ಸಂಗೀತ ತಿಳಿಯದವರಿಗೆ ಹೇಳುವುದಾದರೆ, ಅದು ಕೊನೆಯ ಮೆಟ್ಟಿಲು. ಕೂದಲೆಳೆಯಷ್ಟು ಕಡಿಮೆಯಾದರೂ ಕೇಳುವವರ ಹಲ್ಲು ಚುಳ್ ಎನ್ನುತ್ತದೆ. ಅಕ್ಕ ಅಲ್ಲಿಗೆ ಹತ್ತಿ ನಿಂತಾಗ ನನಗೆ ಮೈ ಜುಮ್ಮೆನ್ನುತ್ತಿತ್ತು. ಅವ್ವನ ಮುಖ ನನಗೆ ನೆನಪಿಲ್ಲ. ಆ ಸಾಲು ಕೇಳುವಾಗ ಮಾತ್ರ ಅವ್ವ ಇದ್ದಿದ್ದರೆ ಹೀಗಿರುತ್ತಿತ್ತು ಎನ್ನಿಸುತ್ತಿತ್ತು.

ಅಕ್ಕನಿಗೆ ಹದಿನೈದು ತುಂಬಿದಾಗ ಗಂಡು ಹುಡುಕಲು ಶುರುಮಾಡಿದರು. ಆಗ ನಮ್ಮ ಕಡೆ ಪೇಟೆಯ ಮನೆಗಳಲ್ಲಿ ಒಂದು ಹೊಸ ರೂಢಿ ಬಂದಿತ್ತು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು, ಹುಡುಗಿಯನ್ನು ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ‘ಒಂದು ಹಾಡು ಹೇಳಮ್ಮ’ ಎನ್ನುವುದು. ಹುಡುಗಿ ಮೂಗಿಯಲ್ಲ, ತೊದಲಿಲ್ಲ ಎಂದು ಗೊತ್ತಾದರೆ ಅವರಿಗೆ ಸಾಕು. ಹಾಡು ಕೇಳಬೇಕೆಂಬ ಆಸೆಯಿಂದ ಯಾರೂ ಕೇಳುತ್ತಿರಲಿಲ್ಲ. ಇದು ಅಪ್ಪನಿಗೆ ತಿಳಿಯಲಿಲ್ಲ. ಮಗಳ ಹಾಡು ಕೇಳಿದರೆ ಗಂಡಿನ ಕಡೆಯವರು ಬಂದ ಕಾಲಲ್ಲೇ ಒಪ್ಪಿಕೊಳ್ಳುತ್ತಾರೆ ಎಂದು ನಂಬಿಕೊಂಡಿದ್ದರು.

ಮೊದಲು ಬಂದವರು ಸಿರಾದವರು. ಅಕ್ಕ ಆ ಶಿವನ ಹಾಡನ್ನೇ ಹಾಡಿದಳು. ಮೂರನೇ ಸಾಲಿಗೆ ಬಂದಾಗ ಗಂಡಿನ ದೊಡ್ಡಪ್ಪ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿ ನೆಲ ನೋಡತೊಡಗಿದ. ಹೆಂಗಸರು ಮುಖ ಮುಖ ನೋಡಿಕೊಂಡರು. ಅಪ್ಪ, ಅವರಿಗೆ ಮೆಚ್ಚುಗೆಯಿಂದ ಮಾತೇ ಹೊರಡಲಿಲ್ಲ ಎಂದುಕೊಂಡರು. ಸಂಬಂಧ ತಂದಿದ್ದ ಅಯ್ಯನವರು ವಾರ ಕಳೆದು ಬಂದು ಜಗಲಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರು.

“ಹುಡ್ಗಿ ಲಕ್ಷಣವಾಗವ್ಳೆ, ಅದಕ್ಕೇನೂ ಕುಂದಿಲ್ಲ. ಆದ್ರೆ ಹಾಡು ಕುಣಿಯೋ ಮೇಳದೋರ ಹಾಡಿನಂಗೈತಂತೆ. ಮರ್ಯಾದಸ್ಥರ ಮನೆ ಹೆಣ್ಮಗ ಹಂಗೆ ಬಾಯ್ಬಿಟ್ಟು ಹಾಡಾಕಿಲ್ಲ ಅಂದ್ರು ಕಣಪ್ಪ.”

ಅಪ್ಪ ನಕ್ಕುಬಿಟ್ಟರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದರು. ಆಮೇಲೆ ಕೊರಟಗೆರೆಯವರು ಬಂದರು. ಅಕ್ಕ ಹಾಡಿ ಮುಗಿಸಿದ ಮೇಲೆ ಗಂಡಿನ ತಾಯಿ, ‘ಯಾರ ತಾವ ಕಲ್ತಿದ್ದವ್ವಾ?’ ಎಂದಳು. ಅಪ್ಪ ಹೆಮ್ಮೆಯಿಂದ ಹಾರ್ಮೋನಿಯಂ ಮೇಷ್ಟ್ರ ಹಳೆಯ ಕಂಪನಿಯ ವಿಷಯ ಹೇಳಿದರು. ಅವರು ತಟ್ಟೆಯ ಬಾಳೆಹಣ್ಣನ್ನೂ ಮುಟ್ಟದೆ ಎದ್ದರು. ಸುದ್ದಿ ಊರೂರು ಸುತ್ತಿತು. ದೊಡ್ಡೇರಿಯಿಂದ ಬರುತ್ತೇವೆಂದು ಹೇಳಿಕಳಿಸಿದ್ದವರು ಬರಲೇ ಇಲ್ಲ. ನಾಟಕದವರ ಹತ್ತಿರ ಕಲಿತ ಹುಡುಗಿ ಎಂದು ಸಂತೆಯಲ್ಲಿ ಹೆಂಗಸರು ಆಡಿಕೊಂಡ ಮಾತು ಅಜ್ಜಿಯ ಕಿವಿಗೂ ಬಿತ್ತು.

ಅಪ್ಪನ ನಗು ನಿಂತಿತು. ಮುಂದೆ ಬರುವವರ ಎದುರು ಹಾಡಿಸುವುದೇ ಬೇಡ ಎಂದರು.

“ಹಾಡಿಸ್ದೆ ಇದ್ರೆ ಹುಡ್ಗಿ ಬಾಯಲ್ಲೇ ಏನೋ ಐಬೈತೆ ಅಂತಾರೆ” ಎಂದಳು ಅಜ್ಜಿ. “ಹಾಡ್ಲಿ. ಆದ್ರೆ ಮನೆ ಹೆಣ್ಮಕ್ಳು ಹಾಡ್ದಂಗೆ ಹಾಡ್ಲಿ. ಒಂಚೂರು ನಡುಗ್ಲಿ, ಒಂಚೂರು ತಪ್ಲಿ. ಸಾವ್ರ ಸುಳ್ಳೇಳಿ ಒಂದ್ ಮದ್ವೆ ಮಾಡು ಅಂತಾರೆ. ಇದೊಂದು ಸುಳ್ಳು ಹಾಡ್ಸಾಕೇನ್ಲಾ ನಿಂಗೆ ಕಷ್ಟ?”

ಅಜ್ಜಿ ಕೆಟ್ಟವಳಲ್ಲ. ತಾಯಿಯಿಲ್ಲದ ಹುಡುಗಿ ಮದುವೆಯಾಗದೆ ಉಳಿದರೆ ತಾನು ಸತ್ತ ಮೇಲೆ ಗತಿಯೇನು ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು. ಅದು ನಿಜವಾದ ಚಿಂತೆಯೇ. ಅಪ್ಪ ಎರಡು ದಿನ ತಡೆದು ಮೇಷ್ಟ್ರನ್ನು ಕರೆಸಿದರು.

ಮೇಷ್ಟ್ರು ಮೊದಲು ಒಪ್ಪಲಿಲ್ಲ. ತಾವು ಹೊಟ್ಟೆಗಿಲ್ಲದೆ ಬಿದ್ದಿದ್ದಾಗಲೂ ಅಪಸ್ವರ ನುಡಿಸಿದವರಲ್ಲ ಎಂದರು. ಅಪ್ಪ ಅವರೆದುರು ಅತ್ತುಬಿಟ್ಟರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮೇಷ್ಟ್ರು ಎದ್ದು ಹೋಗಿ ಹಾರ್ಮೋನಿಯಂ ತಂದರು.

ಕೆಟ್ಟದಾಗಿ ಹಾಡುವುದಕ್ಕೆ ಕಲಿಯಬೇಕೇ ಎಂದು ನೀವು ಕೇಳಬಹುದು. ಒಳ್ಳೆಯ ದನಿಗೆ ಕಲಿಯಲೇಬೇಕು. ‘ತಪ್ಪಾಗಿ ಹಾಡು’ ಎಂದರೆ ಅಕ್ಕನಿಗೆ ಆಗುತ್ತಿರಲಿಲ್ಲ. ಮೂರನೇ ಸಾಲು ಬಂತೆಂದರೆ ದನಿ ತಾನೇ ಹತ್ತಿ ತನ್ನ ಜಾಗದಲ್ಲಿ ಕೂತುಬಿಡುತ್ತಿತ್ತು. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದರು. ಆ ಸಾಲು ಬಂದಾಗ ಹಾರ್ಮೋನಿಯಂನ ಬಿಳಿ ಕರಿ ಮನೆಗಳಲ್ಲಿ ಷಡ್ಜದ್ದನ್ನು ಬಿಟ್ಟು ಅದರ ಕೆಳಗಿನ ಮನೆಯನ್ನು ಒತ್ತಿ ಹಿಡಿದರು. ‘ಇದೇ ಷಡ್ಜ ಅಂದ್ಕೊ ತಾಯಿ. ಇಲ್ಲಿಗೇ ನಿಲ್ಲು’ ಎಂದರು. ಅಕ್ಕ ಅಲ್ಲಿ ನಿಲ್ಲಲಾರದೆ ಮೇಲಕ್ಕೆ ಹೋದರೆ ಮತ್ತೆ ಒತ್ತಿದರು. ಬೆಳಿಗ್ಗೆ ಅದೇ, ಸಂಜೆ ಅದೇ. ಶಬ್ದದ ನಡುವೆ ಹೆದರಿದವಳಂತೆ ಉಸಿರು ಕಡಿಯುವುದನ್ನೂ ಹೇಳಿಕೊಟ್ಟರು.

ಮೊದಲ ದಿನಗಳಲ್ಲಿ ಅಕ್ಕ ಅತ್ತಳು. “ನೋಯ್ತದೆ ಮೇಷ್ಟ್ರೇ” ಎಂದಳು.

“ಎಲ್ಲಿ ತಾಯಿ, ಗಂಟಲಾ?”

ಅಕ್ಕ ಕಿವಿ ಮುಟ್ಟಿ ತೋರಿಸಿದಳು. ಮೇಷ್ಟ್ರು ಮತ್ತೆ ಅದೇ ಮನೆ ಒತ್ತಿದರು.

ಆ ಪಾಠ ನಡೆಯುವಷ್ಟು ದಿನ ಅಪ್ಪ ಜಗಲಿಗೆ ಬಂದು ನಿಲ್ಲಲಿಲ್ಲ. ಅಂಗಡಿಯ ಬಾಗಿಲು ಹಾಕಿ ಒಳಗೇ ಕೂತಿದ್ದು, ಪಾಠ ಮುಗಿದ ಮೇಲೆ ಬರುತ್ತಿದ್ದರು. ನಾನು ಹಿತ್ತಲಿಗೆ ಹೋಗಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬರುಬರುತ್ತಾ ಅಕ್ಕ ಅಳುವುದನ್ನು ನಿಲ್ಲಿಸಿದಳು. ತಪ್ಪು ಜಾಗದಲ್ಲಿ ನಿಲ್ಲುವುದು ಅವಳಿಗೆ ಬಂದುಬಿಟ್ಟಿತು. ಅಜ್ಜಿ, ‘ಇದೀಗ ಮನೆ ಹುಡ್ಗಿ ಹಾಡ್ದಂಗಾಯ್ತು ನೋಡು’ ಎಂದು ದೃಷ್ಟಿ ತೆಗೆದಳು.

ಪಾವಗಡದವರು ಬಂದದ್ದು ಅದಾದ ಮೇಲೆ. ಅವರದು ಕಡಲೆಕಾಯಿ ಮಂಡಿ, ಅನುಕೂಲಸ್ಥರು, ಕನ್ನಡದಷ್ಟೇ ತೆಲುಗು ಆಡುವ ಮನೆ. ಅಕ್ಕ ಕಣ್ಣು ಕೆಳಗೆ ಹಾಕಿ ಹಾಡಿದಳು. ಮೂರನೇ ಸಾಲಿನಲ್ಲಿ ಉಸಿರು ಕಡಿಯಿತು, ದನಿ ಒಂದು ಮೆಟ್ಟಿಲು ಕೆಳಗೆ ನಿಂತಿತು. ಗಂಡಿನ ತಾಯಿ ಎದ್ದು ಬಂದು ಅಕ್ಕನ ಗಲ್ಲ ಸವರಿದಳು.

“ಮಂಚಿ ಪಿಲ್ಲ, ಒಳ್ಳೆ ಹುಡ್ಗಿ. ದನೀಲಿ ಭಯ ಭಕ್ತಿ ಐತೆ” ಎಂದಳು.

ಅಲ್ಲಿಗೆ ಮದುವೆ ಗಟ್ಟಿಯಾಯಿತು. ಅಜ್ಜಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ಧಾರೆಯಾದ ಮಾರನೆಯ ದಿನ ಮೇಷ್ಟ್ರು ಪೆಟ್ಟಿಗೆ ಹೊತ್ತುಕೊಂಡು ಹಿಂದೂಪುರದ ಕಡೆ ಹೊರಟರು. ಅಪ್ಪ ತಡೆಯಲಿಲ್ಲ. ಹೋಗುವ ಮುಂಚೆ ಅಕ್ಕನ ಹತ್ತಿರ ಬಂದು ಮೇಷ್ಟ್ರು ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ.

“ಒಬ್ಳೇ ಇದ್ದಾಗ ಸರಿಯಾದ್ದನ್ನ ಹಾಡ್ಕೊ ತಾಯಿ. ದಿನಾ ಒಂದ್ಸಲನಾದ್ರೂ ಹಾಡ್ಕೊ. ಬಿಟ್ಟುಬಿಟ್ಟೀಯ, ಜೋಕೆ.”

“ಅದನ್ನ ಮರೀತೀನಾ ಮೇಷ್ಟ್ರೇ?” ಎಂದು ಅಕ್ಕ ನಕ್ಕಳು. ಬಾಸಿಂಗದ ಗುರುತು ಅವಳ ಹಣೆಯ ಮೇಲೆ ಇನ್ನೂ ಇತ್ತು.

ಪಾವಗಡದ ಆ ಮನೆಯಲ್ಲಿ ಒಬ್ಬಳೇ ಇರುವ ಹೊತ್ತೆಂಬುದು ಇರಲಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರ ಕೂಡುಕುಟುಂಬ, ಕಡಲೆಕಾಯಿ ಬಿಡಿಸಲು ಬರುವ ಆಳುಗಳು, ಬಾವಿಯ ಹತ್ತಿರವೂ ಸಾಲು. ಆದರೆ ಸೋಮವಾರ ಬಂತೆಂದರೆ ಪೂಜೆಯಾದ ಮೇಲೆ ಅತ್ತೆ ಆ ಹಾಡು ಹಾಡಿಸುತ್ತಿದ್ದಳು. ಬಂದ ನೆಂಟರೆದುರು, ‘ನಮ್ಮ ಕೋಡಲು ಎಷ್ಟು ಭಯ ಭಕ್ತಿಯಿಂದ ಹಾಡ್ತಾಳೆ ನೋಡಿ’ ಎಂದು ತೋರಿಸುತ್ತಿದ್ದಳು. ಕೋಡಲು ಎಂದರೆ ತೆಲುಗಿನಲ್ಲಿ ಸೊಸೆ. ಅತ್ತೆಗೆ ಅಕ್ಕನ ಮೇಲೆ ಪ್ರೀತಿಯೇ ಇತ್ತು, ಅದನ್ನು ಇಲ್ಲವೆನ್ನಲಾರೆ. ಅಕ್ಕನಿಗೆ ಮೊದಲು ಒಂದು ಹೆಣ್ಣು ಹುಟ್ಟಿ ಉಳಿಯಿತು. ಆಮೇಲಿನ ಎರಡು ಕೂಸುಗಳು ಉಳಿಯಲಿಲ್ಲ. ಬಾಣಂತನಕ್ಕೆ ತವರಿಗೆ ಬಂದಾಗಲೂ ಮನೆಯಲ್ಲಿ ಸೂತಕವೋ ಜ್ವರವೋ ಇದ್ದೇ ಇರುತ್ತಿತ್ತು. ಹಾಡು ಎಂಬ ಮಾತನ್ನು ಯಾರೂ ಎತ್ತಲಿಲ್ಲ.

ನಾನು ತುಮಕೂರಿನ ಹೈಸ್ಕೂಲಿಗೆ ಹೋದೆ, ಆಮೇಲೆ ಬೆಂಗಳೂರಿನ ಕಾಲೇಜಿಗೆ. ಸಂಗೀತವಿಲ್ಲದ ಮನೆಯಿಂದ ಹೊರಟವನಿಗೆ ಸಂಗೀತದ ಹಸಿವು ಭೂತದ ಹಾಗೆ ಹಿಡಿದುಕೊಂಡಿತು. ಕಛೇರಿ ನಡೆಯುವ ಮಂಟಪದ ಹೊರಗೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದೆ. ಕೊರಟಗೆರೆಯಲ್ಲಿ ಒಬ್ಬ ವಕೀಲರು ಗ್ರಾಮಾಫೋನ್ ತರಿಸಿದ್ದಾರೆ ಎಂದು ತಿಳಿದು, ಅವರ ಪರಿಚಯವೇ ಇಲ್ಲದಿದ್ದರೂ ಅವರ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತಿದ್ದೇನೆ. ಸಿರಾದ ದರ್ಗಾದಲ್ಲಿ ಫಕೀರರು ಹಾಡುವುದನ್ನು ಕೇಳಲು ಬಿಸಿಲಿನಲ್ಲಿ ನಡೆದುಹೋಗಿದ್ದೇನೆ. ಯಾರು ಹಾಡಿದರೂ ದನಿ ಮೇಲಿನ ಷಡ್ಜ ಮುಟ್ಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಅಲ್ಲಿ ಅಕ್ಕ ನಿಂತಿರುತ್ತಿದ್ದಳು. ಎಷ್ಟೋ ದೊಡ್ಡ ವಿದ್ವಾಂಸರು ಆ ಜಾಗಕ್ಕೆ ಹೋದರು, ಅಕ್ಕ ನಿಂತ ಹಾಗೆ ನಿಂತವರನ್ನು ನಾನು ಕಾಣಲಿಲ್ಲ. ಅವಳು ಪಾವಗಡದ ಮನೆಯ ಯಾವುದೋ ಮೂಲೆಯಲ್ಲಿ, ಯಾರಿಗೂ ಕೇಳದ ಹಾಗೆ, ಸರಿಯಾದ್ದನ್ನು ಹಾಡಿಕೊಳ್ಳುತ್ತಿದ್ದಾಳೆ ಎಂದು ನಂಬಿದ್ದೆ. ಆ ನಂಬಿಕೆಯಿಂದಲೇ ಎಷ್ಟೋ ಕೆಟ್ಟ ಪುಸ್ತಕಗಳನ್ನು ಓದಿ ಮುಗಿಸಿದೆ.

ಅಪ್ಪ ಸಂಗೀತ ಬಿಟ್ಟೇ ಸತ್ತರು. ಶನಿವಾರ ಬೆಳಿಗ್ಗೆ ದಾಸಯ್ಯ ಬೀದಿಗೆ ಬಂದರೆ, ಅವನು ಬಾಯಿ ತೆರೆಯುವ ಮೊದಲೇ ಅಪ್ಪ ಮೊರದಲ್ಲಿ ರಾಗಿ ಹಿಡಿದು ಬಾಗಿಲಿಗೆ ಹೋಗಿಬಿಡುತ್ತಿದ್ದರು. ಅಜ್ಜಿ ಅವರಿಗಿಂತ ಮುಂಚೆಯೇ ಹೋಗಿದ್ದಳು.

ಯುದ್ಧದ ಕೊನೆಗಾಲದಲ್ಲಿ ಅಕ್ಕನ ಅತ್ತೆ ತೀರಿಕೊಂಡ ಸುದ್ದಿ ಬಂತು. ನನಗೆ ಸಂತೋಷವಾಯಿತು. ಸತ್ತವರ ಸುದ್ದಿಗೆ ಸಂತೋಷಪಡಬಾರದು, ಆದರೆ ಆಯಿತು. ಅಷ್ಟರಲ್ಲಿ ಅಣ್ಣತಮ್ಮಂದಿರು ಬೇರೆಯಾಗಿದ್ದರು. ಅಕ್ಕ ಈಗ ತನ್ನ ಮನೆಗೆ ತಾನೇ ಯಜಮಾನಿ. ಇನ್ನು ಅವಳು ಬಾಯಿ ತುಂಬ ಹಾಡಿದರೆ ಬೇಡವೆನ್ನುವವರು ಯಾರು? ಬೆಂಗಳೂರಿನಿಂದ ಒಂದು ಶ್ರುತಿಪೆಟ್ಟಿಗೆ ತಂದೆ. ಒಳ್ಳೆಯ ಪೆಟ್ಟಿಗೆ, ತಿದಿ ಒತ್ತಿದರೆ ಷಡ್ಜ ಪಂಚಮ ಎರಡೂ ತುಂಬಿಕೊಂಡು ಬರುತ್ತಿದ್ದವು. ಪೆಟ್ರೋಲ್ ಸಿಗದ ಕಾಲದ ಇದ್ದಿಲ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ನಮ್ಮ ಸಂಸ್ಥಾನದ ನಡುವೆ ಚಾಚಿಕೊಂಡಿದ್ದ ಒಂದಿಷ್ಟು ಬ್ರಿಟಿಷರ ಸೀಮೆ ದಾಟಿ, ಮೈಯೆಲ್ಲ ಮಸಿ ಮಾಡಿಕೊಂಡು ಪಾವಗಡದಲ್ಲಿ ಇಳಿದೆ.

ಅಕ್ಕನ ಕೂದಲು ಆಗಲೇ ನೆರೆತಿತ್ತು. ನನ್ನನ್ನು ನೋಡಿ, ‘ಏನ್ಲಾ, ಇಂಗೆ ಕಮ್ಮಾರನಂಗೆ ಬಂದಿದ್ದೀಯ’ ಎಂದು ನಕ್ಕು ಸ್ನಾನಕ್ಕೆ ನೀರು ತೋಡಿದಳು. ಊಟವಾಗಿ ಭಾವ ಮಂಡಿಗೆ ಹೋದ ಮೇಲೆ ಪೆಟ್ಟಿಗೆ ತೆಗೆದು ಅವಳ ಮುಂದಿಟ್ಟೆ. ಅಕ್ಕ ಅದನ್ನು ಕೂಸಿನ ಹಾಗೆ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದಿಂದ ಕಾದಿದ್ದ ಗಳಿಗೆ ಬಂತೆಂದು ನಾನು ತಿದಿಯ ಮೇಲೆ ಕೈಯಿಟ್ಟೆ.

“ತಡಿ, ಮೊದ್ಲು ನಿನ್ನ ಸೊಸೆ ಹಾಡ್ತಾಳೆ, ಕೇಳು” ಎಂದು ಮಗಳನ್ನು ಕರೆದಳು.

ಹನ್ನೆರಡು ತುಂಬಿದ ಹುಡುಗಿ, ಅಕ್ಕನದೇ ಹಣೆ, ಅಕ್ಕನದೇ ಮೂಗು. ನಾನು ತಿದಿ ಒತ್ತಿದೆ. ಹುಡುಗಿ ಶಿವನ ಹಾಡು ಶುರುಮಾಡಿದಳು. ಮೂರನೇ ಸಾಲಿಗೆ ಬಂದಾಗ ದನಿ ನೆಟ್ಟಗೆ ಹತ್ತಿ ಮೇಲಿನ ಷಡ್ಜದಲ್ಲಿ ಕೂತಿತು. ಪೆಟ್ಟಿಗೆಯ ದನಿ ಯಾವುದು, ಹುಡುಗಿಯ ದನಿ ಯಾವುದು ಎಂದು ತಿಳಿಯದ ಹಾಗೆ ಸೇರಿಹೋಯಿತು. ನನಗೆ ಅಳು ಬಂದುಬಿಟ್ಟಿತು.

“ಅಲ್ಲ, ಅಲ್ಲ” ಎಂದು ಅಕ್ಕ ಅವಳ ತೊಡೆ ತಟ್ಟಿದಳು. “ಯಾವಾಗ್ಲೂ ಅಲ್ಲೇ ತಪ್ತೀಯ. ಅಷ್ಟು ಮೇಲಕ್ಕೆ ಹೋಗಬಾರ್ದು ಅಂತ ಎಷ್ಟು ಸಲ ಹೇಳ್ಲಿ?”

ಅಕ್ಕ ಹೆದರಿದ್ದಾಳೆ ಎಂದುಕೊಂಡೆ. ನಾಳೆ ಮಗಳನ್ನೂ ಹೆಣ್ಣು ನೋಡಲು ಬರುತ್ತಾರೆ, ಅದಕ್ಕೇ ಈಗಿನಿಂದಲೇ ಹೀಗೆ ತಿದ್ದುತ್ತಿದ್ದಾಳೆ ಎಂದುಕೊಂಡೆ. ಹುಡುಗಿಯನ್ನು ನೀರು ತರಲು ಒಳಗೆ ಕಳಿಸಿದೆ.

“ಅಕ್ಕ, ಇನ್ನೂ ಯಾಕೆ ಹಿಂಗೆ ಹಾಡೋದು? ನಿಮ್ಮತ್ತೆ ಈಗಿಲ್ಲ. ಅಜ್ಜಿನೂ ಇಲ್ಲ, ಅಪ್ಪನೂ ಇಲ್ಲ. ಈಗಾದ್ರೂ ಮೊದಲಿನಂಗೆ ಹಾಡು.”

ಅಕ್ಕ ನನ್ನ ಮುಖ ನೋಡಿದಳು. “ಮೊದ್ಲಿನಂಗೆ ಅಂದ್ರೆ? ಮೊದ್ಲಿಂದ್ಲೂ ಇಂಗೇ ಅಲ್ವೇನ್ಲಾ ನಾನು ಹಾಡ್ತಿದ್ದಿದ್ದು?”

ತಮಾಷೆಯೇನೋ ಎಂದು ಕಾದೆ. ಅವಳು ನಗಲಿಲ್ಲ. ನಾನು ಮತ್ತೆ ತಿದಿ ಒತ್ತಿದೆ. ಕಿವಿಯ ಪಕ್ಕದಲ್ಲೇ ಷಡ್ಜ ತುಂಬಿಕೊಂಡಿರುವಾಗ ಹೇಗೆ ತಪ್ಪುತ್ತಾಳೆ ಎಂದು ನನ್ನ ಲೆಕ್ಕ. ಅಕ್ಕ ಸೆರಗು ಹೊದ್ದು, ಕಣ್ಣು ಮುಚ್ಚಿ, ಪ್ರಾಣವೆಲ್ಲ ಇಟ್ಟು ಹಾಡಿದಳು. ಮೊದಲ ಎರಡು ಸಾಲು ತುಸು ಒಡೆದ ದನಿಯಲ್ಲಿ ಬಂದವು. ಮೂರನೆಯದರಲ್ಲಿ ಶಬ್ದದ ನಡುವೆ ಉಸಿರು ಕಡಿಯಿತು. ದನಿ ಒಂದು ಮೆಟ್ಟಿಲು ಕೆಳಗೆ ನಿಂತಿತು. ಪೆಟ್ಟಿಗೆಯ ದನಿಗೂ ಅವಳ ದನಿಗೂ ನಡುವೆ ಗರಗಸ ಎಳೆದ ಹಾಗೆ ಕರಕರ ಎಂದಿತು. ಅಕ್ಕನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅವಳಿಗೆ ಅದು ಕೇಳಿಸಲಿಲ್ಲ.

“ಹೆಂಗಿತ್ತು?” ಎಂದಳು ಕಣ್ಣು ಬಿಟ್ಟು. “ಮೇಷ್ಟ್ರು ಇದ್ದಿದ್ರೆ ಮೆಚ್ಕೊಳ್ಳೋರು, ಅಲ್ವಾ? ದಿನಾ ಹಾಡ್ಕೊ ಅಂದಿದ್ರು. ನಾನು ಬಿಡ್ಲಿಲ್ಲ ನೋಡು.”

ತಪ್ಪು ಎಂದು ಹೇಳುವುದೇ ನನ್ನ ಕಸುಬು. ಎಂಥೆಂಥ ದೊಡ್ಡವರಿಗೆ ಹೇಳಿದ್ದೆ. ಅವಳಿಗೆ ಹೇಳಲಾಗಲಿಲ್ಲ. ಎರಡು ಕೂಸು ಮಣ್ಣು ಮಾಡಿದ ಆ ಮನೆಯಲ್ಲಿ ಅವಳ ಕೈಯಲ್ಲಿ ಉಳಿದಿದ್ದದ್ದು ಆ ಒಂದು ಹಾಡು. ‘ಚೆನ್ನಾಗಿತ್ತಕ್ಕ’ ಎಂದೆ.

ಅಕ್ಕನಿಗೆ ಹುರುಪು ಬಂತು. ಮಗಳನ್ನು ಮತ್ತೆ ಕೂಗಿ ಕೂರಿಸಿಕೊಂಡು, ‘ನಿಮ್ಮ ಮಾವ ಇರೋವಾಗ್ಲೇ ಕಲ್ತ್ಕೊಂಡ್ಬುಡು’ ಎಂದಳು. ತಾನು ನಿಂತ ಜಾಗದಲ್ಲೇ ನಿಂತು ತೋರಿಸಿದಳು. ಹುಡುಗಿ ಹಾಡಿದಳು, ದನಿ ತಾನಾಗಿ ಮೇಲಕ್ಕೆ ಹೋಯಿತು. ಅಕ್ಕ ಸಿಟ್ಟಾಗಲಿಲ್ಲ. ಅವಳ ಗಲ್ಲ ಹಿಡಿದು ತಾಳ್ಮೆಯಿಂದ ಮತ್ತೆ ಹೇಳಿಕೊಟ್ಟಳು. ಮತ್ತೆ ದನಿ ಮೇಲಕ್ಕೇ ಹೋಯಿತು. ಹುಡುಗಿ ತಾಯಿಯ ಮುಖ ನೋಡಿದಳು, ಪೆಟ್ಟಿಗೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

“ಮಾವ, ಪೆಟ್ಟಿಗೆ ನಿಲ್ಲಿಸ್ತೀಯಾ? ಅದು ಕೂಗ್ತಿದ್ರೆ ಅಮ್ಮ ಹೇಳ್ದಂಗೆ ಹಾಡಕ್ಕಾಗಲ್ಲ.”

ನಾನು ತಿದಿಯಿಂದ ಕೈ ತೆಗೆದೆ. ಪೆಟ್ಟಿಗೆ ನಿಂತಿತು. ಹುಡುಗಿ ಕಣ್ಣು ಕೆಳಗೆ ಹಾಕಿ ಆ ಸಾಲು ಹಾಡಿದಳು, ಅಮ್ಮ ಹೇಳಿದ ಜಾಗದಲ್ಲೇ ನಿಲ್ಲಿಸಿದಳು.

“ಈಗ ಸರಿಹೋಯ್ತು” ಎಂದು ಅಕ್ಕ ಅವಳ ತಲೆ ಸವರಿದಳು.